ಪೋರ್ಷೆ ಕಟ್ಟಿದ ಹೈಬ್ರಿಡ್ ಕಾರು ಮತ್ತು ಕಾಗದದ ಮೇಲಿನ ಮೈಲೇಜ್

ಹೈಬ್ರಿಡ್ ಕಾರು ಇತ್ತೀಚಿನ ತಂತ್ರಜ್ಞಾನ ಎಂಬುದು ನಮ್ಮಲ್ಲಿ ಹಲವರ ನಂಬಿಕೆ. ಪ್ಲಗ್-ಇನ್ ಹೈಬ್ರಿಡ್ ಲೀಟರಿಗೆ 60 ಕಿ.ಮೀ. ಕೊಡುತ್ತದೆ ಎಂದು ಬರೆದಿದ್ದರೆ ಅಷ್ಟು ಕೊಟ್ಟೇ ಕೊಡುತ್ತದೆ ಎಂಬುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ಎರಡನ್ನೂ ಅರ್ಥ ಮಾಡಿಕೊಳ್ಳಲು ನೂರಿಪ್ಪತ್ತು ವರ್ಷಗಳ ಹಿಂದೆಯೇ ಹೈಬ್ರಿಡ್ ಕಾರು ಓಡಿಸಿದ ಫರ್ಡಿನಾಂಡ್ ಪೋರ್ಷೆಯ ಬದುಕನ್ನು ನೋಡೋಣ.

ತಗಡಿನ ಕೆಲಸದವನ ಮಗ

ಪೋರ್ಷೆ ಹುಟ್ಟಿದ್ದು 1875ರ ಸೆಪ್ಟೆಂಬರ್ 3ರಂದು, ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಚೆಕ್ ಗಣರಾಜ್ಯದಲ್ಲಿದೆ. ತಂದೆ ತಗಡಿನ ಕೆಲಸ ಮಾಡುತ್ತಿದ್ದ. ಮಗ ಹಗಲು ತಂದೆಯ ಕೈಕೆಳಗೆ ದುಡಿದು, ಸಂಜೆ ತಾಂತ್ರಿಕ ಶಾಲೆಗೆ ಹೋಗುತ್ತಿದ್ದ. ಅವನಿಗೆ ಹುಚ್ಚು ಹಿಡಿಸಿದ್ದು ವಿದ್ಯುತ್ತು. ಹದಿಹರೆಯದಲ್ಲೇ ತನ್ನ ಮನೆಗೆ ವಿದ್ಯುತ್ ದೀಪ ಹಾಕಿದ್ದ. 18ನೇ ವಯಸ್ಸಿಗೆ ವಿಯೆನ್ನಾದ ವಿದ್ಯುತ್ ಉಪಕರಣಗಳ ಕಂಪನಿಯೊಂದಕ್ಕೆ ಸೇರಿದ. ಎಂಜಿನಿಯರಿಂಗ್ ಪದವಿಯನ್ನು ಅವನು ಎಂದೂ ಓದಿ ಪಡೆಯಲಿಲ್ಲ.

ಮುಂದೆ ಕುದುರೆ ಸಾರೋಟು ಕಟ್ಟುತ್ತಿದ್ದ ಲೋನರ್ ಕಂಪನಿಗೆ ಕಾರು ವಿನ್ಯಾಸ ಮಾಡಿಕೊಟ್ಟ. ಚಕ್ರದ ಗುಂಬದೊಳಗೇ ಮೋಟಾರು ಕೂರಿಸಿದ ಆ ವಿದ್ಯುತ್ ಕಾರು 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಜನರ ಗಮನ ಸೆಳೆಯಿತು. ಆದರೆ ಬ್ಯಾಟರಿಯೇ 400 ಕಿಲೋಗೂ ಹೆಚ್ಚು ತೂಗುತ್ತಿತ್ತು. ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತಿದ್ದದ್ದು ಸುಮಾರು 50 ಕಿ.ಮೀ. ಅಷ್ಟೆ.

ಪೋರ್ಷೆ ಕಂಡುಕೊಂಡ ಪರಿಹಾರವೇ ಹೈಬ್ರಿಡ್. 1900ರಲ್ಲಿ ಕಟ್ಟಿದ ‘ಸೆಂಪರ್ ವೀವಸ್’ ಕಾರಿನಲ್ಲಿ ಎರಡು ಸಣ್ಣ ಪೆಟ್ರೋಲ್ ಎಂಜಿನ್‌ಗಳಿದ್ದವು. ಅವು ಚಕ್ರ ತಿರುಗಿಸುತ್ತಿರಲಿಲ್ಲ; ಜನರೇಟರ್ ತಿರುಗಿಸಿ ವಿದ್ಯುತ್ ಕೊಡುತ್ತಿದ್ದವು. ಆ ವಿದ್ಯುತ್ತು ಚಕ್ರದ ಮೋಟಾರಿಗೆ ಹೋಗುತ್ತಿತ್ತು, ಮಿಕ್ಕಿದ್ದು ಬ್ಯಾಟರಿಗೆ. ಮರುವರ್ಷ ಒಂದೇ ದೊಡ್ಡ ಎಂಜಿನ್ನಿನ ‘ಮಿಕ್ಸ್ಟೆ’ ಬಂತು. ಕಾರು ದೂರ ಓಡಿತು, ಆದರೆ ಭಾರ ಮತ್ತು ಬೆಲೆ ಎರಡೂ ಹೆಚ್ಚು. ಮಾರಾಟವಾದದ್ದು ಕೆಲವೇ ಕೆಲವು.

ಯುದ್ಧದ ನೆರಳು

1906ರಲ್ಲಿ ಪೋರ್ಷೆ ಆಸ್ಟ್ರೋ-ಡೈಮ್ಲರ್ ಕಂಪನಿಗೆ ಹೋದ. ಮೊದಲ ಮಹಾಯುದ್ಧದಲ್ಲಿ ಭಾರಿ ಫಿರಂಗಿಗಳನ್ನು ಎಳೆಯುವ ಪೆಟ್ರೋಲ್-ವಿದ್ಯುತ್ ವಾಹನಗಳನ್ನು ಕಟ್ಟಿದ. 1931ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಕಚೇರಿ ತೆರೆದ. 1934ರಲ್ಲಿ ಹಿಟ್ಲರನ ಸರ್ಕಾರದ ಆಶ್ರಯದಲ್ಲಿ ‘ಜನರ ಕಾರಿನ’ ವಿನ್ಯಾಸದ ಹೊಣೆ ಸಿಕ್ಕಿತು. ಅದೇ ಮುಂದೆ ಬೀಟಲ್ ಎಂದು ಹೆಸರಾಯಿತು.

ಅವನ ಬದುಕಿನ ಕಪ್ಪು ಭಾಗವನ್ನೂ ಹೇಳಬೇಕು. 1937ರಲ್ಲಿ ಅವನು ನಾಜಿ ಪಕ್ಷ ಸೇರಿದ. ಯುದ್ಧಕಾಲದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಸಾವಿರಾರು ಮಂದಿಯನ್ನು ಬಲವಂತವಾಗಿ ದುಡಿಸಿದರು. ಆಗ ಪೋರ್ಷೆ ಅಲ್ಲಿನ ಮುಖ್ಯಸ್ಥರಲ್ಲೊಬ್ಬ. ಅವನದೇ ಹೆಸರಿನ ‘ಫರ್ಡಿನಾಂಡ್’ ಯುದ್ಧವಾಹನ 65 ಟನ್ ತೂಗುತ್ತಿತ್ತು. ಅದಕ್ಕೂ ಪೆಟ್ರೋಲ್-ವಿದ್ಯುತ್ ವ್ಯವಸ್ಥೆಯೇ ಇತ್ತು. ಬೇಕಾದ ವಿದ್ಯುತ್ತೆಲ್ಲ ಪೆಟ್ರೋಲಿನಿಂದಲೇ ಬರುತ್ತಿದ್ದರಿಂದ ಮೋಟಾರು ಇದ್ದೂ ಇಂಧನದ ದಾಹ ತಗ್ಗಲಿಲ್ಲ. ಯುದ್ಧ ಮುಗಿದ ಮೇಲೆ ಫ್ರೆಂಚರು ಪೋರ್ಷೆಯನ್ನು ಬಂಧಿಸಿ ಸುಮಾರು 20 ತಿಂಗಳು ಸೆರೆಯಲ್ಲಿಟ್ಟರು. 1951ರ ಜನವರಿ 30ರಂದು ಅವನು ತೀರಿಕೊಂಡ.

ಹಾಗಾದರೆ ಉಳಿತಾಯ ಎಲ್ಲಿಂದ?

ಪೋರ್ಷೆಯ ಯಂತ್ರಗಳು ಹೇಳುವುದು ಒಂದೇ ಮಾತು. ಚಕ್ರ ತಿರುಗಿಸುವ ಶಕ್ತಿ ಟ್ಯಾಂಕಿನಿಂದ ಬರಬೇಕು, ಇಲ್ಲವೇ ಗೋಡೆಯ ಪ್ಲಗ್ಗಿನಿಂದ ಬರಬೇಕು. ಪ್ರಿಯಸ್ (1997) ಮತ್ತು 2013ರಿಂದ ಬಿಡದಿಯಲ್ಲಿ ತಯಾರಾದ ಕ್ಯಾಮ್ರಿ ಹೈಬ್ರಿಡ್‌ನಂಥ ಕಾರುಗಳಿಗೆ ಪ್ಲಗ್ ಇರಲಿಲ್ಲ. ಅವು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು, ಎಂಜಿನ್ನನ್ನು ಹದವಾಗಿ ಓಡಿಸಿ ಪೆಟ್ರೋಲ್ ಉಳಿಸುತ್ತವೆ. ಪ್ಲಗ್-ಇನ್ ಹೈಬ್ರಿಡ್‌ನ ಬ್ಯಾಟರಿ ಇದಕ್ಕಿಂತ ದೊಡ್ಡದು. ಅದನ್ನು ಮನೆಯಲ್ಲೂ ಚಾರ್ಜ್ ಮಾಡಬಹುದು.

ಅಧಿಕೃತ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್ ಮೇಲೆ. ಅಲ್ಲಿ ಏರು-ಇಳಿಜಾರಿಲ್ಲ, ಎಸಿ ಆಫ್. ಯುರೋಪಿನ ಪರೀಕ್ಷೆಯಲ್ಲಿ ಬ್ಯಾಟರಿ ತುಂಬಿದ್ದಾಗ ಒಂದು ಲೆಕ್ಕ, ಖಾಲಿಯಾದಾಗ ಇನ್ನೊಂದು ಲೆಕ್ಕ ತೆಗೆಯುತ್ತಾರೆ. ನಂತರ ಮಾಲೀಕರು ಇಷ್ಟು ಭಾಗ ಬ್ಯಾಟರಿಯಲ್ಲೇ ಓಡಿಸುತ್ತಾರೆ ಎಂದು ಊಹಿಸಿ ಎರಡನ್ನೂ ಬೆರೆಸುತ್ತಾರೆ. ಎಡವಟ್ಟು ಇರುವುದು ಈ ಊಹೆಯಲ್ಲಿ.

ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಓಡುವ ಕಾರು ಎಂದಿಟ್ಟುಕೊಳ್ಳಿ. 100 ಕಿ.ಮೀ.ನಲ್ಲಿ 80 ಬ್ಯಾಟರಿಯಲ್ಲೇ ಓಡಿದರೆ ಪೆಟ್ರೋಲ್ ಬೇಕಾಗುವುದು ಉಳಿದ 20ಕ್ಕೆ ಮಾತ್ರ. ಕಾಗದದ ಮೈಲೇಜ್ 75! ಬ್ಯಾಟರಿಯಲ್ಲಿ 40 ಮಾತ್ರ ಓಡಿದರೆ ಅದು 25ಕ್ಕೆ ಇಳಿಯುತ್ತದೆ. ಚಾರ್ಜೇ ಮಾಡದಿದ್ದರೆ 15.

2024ರಲ್ಲಿ ಯುರೋಪಿಯನ್ ಕಮಿಷನ್ ಕಾರುಗಳೊಳಗಿನ ಇಂಧನ ಮೀಟರಿನ ಅಂಕಿಗಳನ್ನು ಪ್ರಕಟಿಸಿತು. ಪೆಟ್ರೋಲ್, ಡೀಸೆಲ್ ಕಾರುಗಳು ಪರೀಕ್ಷೆಗಿಂತ ಸುಮಾರು ಶೇ 20ರಷ್ಟು ಹೆಚ್ಚು ಇಂಧನ ಕುಡಿದಿದ್ದವು. ಪ್ಲಗ್-ಇನ್ ಹೈಬ್ರಿಡ್‌ಗಳ ಇಂಗಾಲದ ಹೊಗೆ ಮಾತ್ರ ಪರೀಕ್ಷೆಯಲ್ಲಿ ಹೇಳಿದ್ದಕ್ಕಿಂತ ಸರಾಸರಿ 3.5 ಪಟ್ಟು! ಊಹಿಸಿದಷ್ಟು ಜನ ಚಾರ್ಜ್ ಮಾಡದಿದ್ದದ್ದು ಇದಕ್ಕೆ ಮುಖ್ಯ ಕಾರಣ.

ಹಾವೇರಿಯಲ್ಲಿ ಇದರ ಲೆಕ್ಕ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿ ಬರಲು ಸುಮಾರು 65 ಕಿ.ಮೀ. ನಮ್ಮ ಕಾರಿನ ಬ್ಯಾಟರಿ 50 ಕಿ.ಮೀ. ಓಡಿಸುತ್ತದೆ ಎಂದುಕೊಳ್ಳೋಣ. ರಾತ್ರಿ ಚಾರ್ಜ್ ಮಾಡಿ ಹೊರಟರೆ ಉಳಿದ 15 ಕಿ.ಮೀ.ಗೆ ಒಂದೇ ಲೀಟರ್ ಸಾಕು. ಮೈಲೇಜ್ 65. ಇವೆರಡರ ನಡುವಿನ ಬ್ಯಾಡಗಿಯ ಮಾರುಕಟ್ಟೆಗೆ ಹಾವೇರಿಯಿಂದ ಹೋಗಿ ಬರುವುದಾದರೆ ಪೆಟ್ರೋಲ್ ಬೇಕಾಗದೆಯೂ ಇರಬಹುದು. ಅದೇ ಕಾರು ಬೆಂಗಳೂರಿಗೆ ಹೊರಟರೆ? ದೂರ 330 ಕಿ.ಮೀ.ಗೂ ಹೆಚ್ಚು. ದಾರಿಯಲ್ಲಿ ಚಾರ್ಜ್ ಮಾಡದಿದ್ದರೆ ಲೀಟರಿಗೆ 18ರ ಆಸುಪಾಸು ಸಿಗುತ್ತದೆ. ಕಾರು ಒಂದೇ, ಚಾಲಕ ಒಬ್ಬನೇ, ಬದಲಾದದ್ದು ದೂರ.

ಇನ್ನೊಂದು ಮಾತು: ಲೀಟರ್ ಲೆಕ್ಕದ ಮೈಲೇಜಿನಲ್ಲಿ ಹೆಸ್ಕಾಂ ಬಿಲ್ ಸೇರುವುದಿಲ್ಲ. ಇಂಥ ಬ್ಯಾಟರಿ ತುಂಬಲು ಸುಮಾರು 10ರಿಂದ 12 ಯೂನಿಟ್ ಬೇಕು, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಕರೆಂಟ್ ಕೈಕೊಟ್ಟ ರಾತ್ರಿಯ ಮರುದಿನ ಅದು ಬರೀ ಪೆಟ್ರೋಲ್ ಕಾರು, ಜೊತೆಗೆ ಖಾಲಿ ಬ್ಯಾಟರಿಯ ಭಾರ.

ಆದ್ದರಿಂದ ಪ್ಲಗ್-ಇನ್ ಹೈಬ್ರಿಡ್ ಮೋಸವಲ್ಲ, ಪವಾಡವೂ ಅಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವ ಮೊದಲು ಷೋರೂಮಿನಲ್ಲಿ ಎರಡು ಅಂಕಿ ಕೇಳಿ: ಬರೀ ಬ್ಯಾಟರಿಯಲ್ಲಿ ಎಷ್ಟು ಕಿ.ಮೀ.? ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ ಎಷ್ಟು? ನಿಮ್ಮ ದಿನದ ಓಡಾಟ ಮೊದಲ ಅಂಕಿಯೊಳಗಿದ್ದು, ಮನೆಯಲ್ಲಿ ಚಾರ್ಜ್ ಮಾಡುವ ಜಾಗವಿದ್ದರೆ ಕಾರು ನಿಮಗೆ ಲಾಭ. ಇಲ್ಲದಿದ್ದರೆ ಎರಡನೆಯ ಅಂಕಿಯೇ ನಿಮ್ಮ ನಿಜವಾದ ಮೈಲೇಜ್.