ಶಿಲೆಯ ಮುಂದೆ ಶಾಂಪೋಲಿಯನ್

ನೈಲ್ ನದಿಯ ದಡದ ಪ್ರಾಚೀನ ದೇವಾಲಯಗಳ ಗೋಡೆಗಳ ಮೇಲೆ ಹಕ್ಕಿ, ಹಾವು, ಕಣ್ಣು, ಕೈ ಮುಂತಾದ ಸಾವಿರಾರು ಕೆತ್ತನೆಗಳಿವೆ. ಅವು ಬರಿಯ ಅಲಂಕಾರವಲ್ಲ, ಬರಹ. ಆದರೆ ಸುಮಾರು 1400 ವರ್ಷಗಳ ಕಾಲ ಅದನ್ನು ಓದಬಲ್ಲವರೇ ಇರಲಿಲ್ಲ. ಆ ದೀರ್ಘ ಮೌನವನ್ನು ಮುರಿದವನು ಫ್ರಾನ್ಸ್ ದೇಶದ ಶಾಂಪೋಲಿಯನ್.

ಅವನು 1790ರ ಡಿಸೆಂಬರ್ 23ರಂದು ಫಿಜಾಕ್ ಎಂಬ ಊರಿನಲ್ಲಿ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಹನ್ನೆರಡು ವರ್ಷ ಹಿರಿಯನಾದ ಅಣ್ಣನೇ ಅವನಿಗೆ ಗುರು ಮತ್ತು ಪೋಷಕ. ಎಳವೆಯಲ್ಲಿಯೇ ಈಜಿಪ್ಟಿನ ಹಂಬಲ ಹಿಡಿದ ಅವನು ಹಲವು ಭಾಷೆಗಳನ್ನು ಕಲಿತನು. ಪ್ರಾಚೀನ ಈಜಿಪ್ಟಿನ ನುಡಿಯ ಕೊನೆಯ ಕುಡಿಯಾದ ಕಾಪ್ಟಿಕ್ ಭಾಷೆ ಅವುಗಳಲ್ಲಿ ಮುಖ್ಯವಾದುದು. 1799ರಲ್ಲಿ ದೊರೆತ ರೊಸೆಟಾ ಶಿಲೆಯಲ್ಲಿ ಒಂದೇ ಶಾಸನವು ಚಿತ್ರಲಿಪಿಯಲ್ಲಿಯೂ ಜನಬಳಕೆಯ ಲಿಪಿಯಲ್ಲಿಯೂ ಗ್ರೀಕಿನಲ್ಲಿಯೂ ಇದ್ದಿತು. ಅದರ ನೆರವಿನಿಂದ ಇಂಗ್ಲೆಂಡಿನ ತಾಮಸ್ ಯಂಗ್ ಕೆಲವು ಚಿಹ್ನೆಗಳನ್ನು ಗುರುತಿಸಿದ್ದನು. 1822ರಲ್ಲಿ ಶಾಂಪೋಲಿಯನ್ ಅಬು ಸಿಂಬೆಲ್ ದೇವಾಲಯದ ಕೆತ್ತನೆಯ ಪ್ರತಿಯೊಂದರಲ್ಲಿ ರಾಮ್ಸೆಸ್ ದೊರೆಯ ಹೆಸರನ್ನು ಓದಿದನು. ಕೆಲವು ಚಿತ್ರಗಳು ಧ್ವನಿಯನ್ನೂ ಕೆಲವು ಅರ್ಥವನ್ನೂ ಸೂಚಿಸುತ್ತವೆ ಎಂಬ ಗುಟ್ಟು ಬಯಲಾಯಿತು.

ಆದರೆ ಅವನು ಓದಿದ್ದು ಇತರರು ಬರೆದು ತಂದ ಪ್ರತಿಗಳನ್ನು. ಹಲವು ವಿದ್ವಾಂಸರು ಅವನನ್ನು ನಂಬಲಿಲ್ಲ. ಇನ್ನು ಶಿಲೆಯೇ ತೀರ್ಪು ಹೇಳಬೇಕಾಗಿತ್ತು. 1828ರ ಆಗಸ್ಟಿನಲ್ಲಿ ಅವನು ಈಜಿಪ್ಟಿಗೆ ಬಂದಿಳಿದನು. ನವೆಂಬರಿನ ಒಂದು ಬೆಳದಿಂಗಳ ರಾತ್ರಿ, ಬೆಳಗಾಗುವವರೆಗೆ ಕಾಯಲಾರದೆ, ಸಂಗಡಿಗರೊಡನೆ ನಡೆದು ದೆಂದೆರದ ಹಾಥೋರ್ ದೇವಿಯ ಆಲಯವನ್ನು ಹೊಕ್ಕನು. ಅಲ್ಲಿ ಆನಂದದೊಡನೆ ಒಂದು ಪಾಠವೂ ಅವನಿಗಾಗಿ ಕಾದಿತ್ತು. ಆ ಆಲಯದ ಪ್ರಸಿದ್ಧ ರಾಶಿಚಕ್ರದ ಬಳಿ ರೋಮನ್ ಚಕ್ರವರ್ತಿಯ ಬಿರುದು ಇದೆಯೆಂದು ಅವನು ಮುದ್ರಿತ ಚಿತ್ರವನ್ನು ನಂಬಿ ಸಾರಿದ್ದನು. ಅದರಿಂದಲೇ ಅದರ ಕಾಲವನ್ನೂ ನಿರ್ಣಯಿಸಿದ್ದನು. ಮೂಲಶಿಲೆಯನ್ನು ನೋಡಿದರೆ ಹೆಸರು ಕೆತ್ತಬೇಕಾದ ಆವರಣ ಬರಿದಾಗಿತ್ತು! ಪ್ರತಿ ಮಾಡಿದವರು ಇಲ್ಲದ ಅಕ್ಷರಗಳನ್ನು ಸೇರಿಸಿದ್ದರು. ಅವನು ತನ್ನ ತಪ್ಪನ್ನು ಮರೆಮಾಚಲಿಲ್ಲ; ನಗುತ್ತಲೇ ಅಣ್ಣನಿಗೆ ಪತ್ರ ಬರೆದು ತಿಳಿಸಿದನು.

ಡಿಸೆಂಬರ್ ತಿಂಗಳ ಕೊನೆಯಲ್ಲಿ ಅವನು ಅಬು ಸಿಂಬೆಲ್ ತಲಪಿದನು. ಬಾಗಿಲನ್ನು ಮರಳು ಮುಚ್ಚಿತ್ತು. ಕಿರಿದಾದ ಕಂಡಿಯಲ್ಲಿ ತೆವಳಿ ಒಳಹೊಕ್ಕನು. ಕುಲುಮೆಯಂತಹ ಸೆಕೆ. ದೀಪವೆತ್ತಿ ನೋಡಿದರೆ, ಪ್ಯಾರಿಸ್ಸಿನಲ್ಲಿ ಕುಳಿತು ಓದಿದ್ದ ರಾಮ್ಸೆಸ್ ದೊರೆಯ ಹೆಸರು ಗೋಡೆಗಳ ತುಂಬ ಕಂಗೊಳಿಸುತ್ತಿತ್ತು. ಅವನ ಸೂತ್ರವು ಪರೀಕ್ಷೆಯಲ್ಲಿ ಗೆದ್ದಿತ್ತು.

ಯಾತ್ರೆ ಮುಗಿಸಿ ಮರಳಿದ ಅವನ ದೇಹ ಜರ್ಜರಿತವಾಗಿತ್ತು. 1832ರ ಮಾರ್ಚ್ 4ರಂದು, ತನ್ನ 41ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅವನು ಬರೆದಿಟ್ಟ ವ್ಯಾಕರಣವನ್ನು ಅಣ್ಣನು 1836ರಿಂದ ಪ್ರಕಟಿಸತೊಡಗಿದನು. ಶಾಂಪೋಲಿಯನ್ನನ ಪ್ರತಿಭೆ ದೊಡ್ಡದು. ತನ್ನ ಮಾತನ್ನು ತಾನೇ ಶಿಲೆಯ ಮುಂದೆ ಒರೆಗೆ ಹಚ್ಚಿದ ಅವನ ಪ್ರಾಮಾಣಿಕತೆ ಅದಕ್ಕಿಂತಲೂ ದೊಡ್ಡದು.