ಗುರ್ಜರದೇಶಕ್ಕೆ ಬಂದ ಕದಂಬಕನ್ಯೆ

ಇಂದಿನ ಅಹಮದಾಬಾದಿನ ನೆಲದಲ್ಲಿ ಕರ್ಣಾವತಿಯನ್ನು ಸ್ಥಾಪಿಸಿದ ಸೋಲಂಕಿ ಅರಸ ಕರ್ಣದೇವನ ಪಟ್ಟಮಹಿಷಿ, ಸಿದ್ಧರಾಜ ಜಯಸಿಂಹನ ಜನನಿ ಮಯಣಲ್ಲದೇವಿಯು ಗೋವೆಯ ಕದಂಬ ದೊರೆ ಜಯಕೇಶಿಯ ಪುತ್ರಿ. ರೂಪಸಾಲದೆಂದು ಪತಿಯು ಮೊದಲು ಅನಾದರಿಸಿದಾಗ ಅತ್ತೆ ಉದಯಮತಿಯೇ ಆಕೆಗೆ ಆಸರೆಯಾದಳೆಂದು 1305ರ ಪ್ರಬಂಧಚಿಂತಾಮಣಿಯು ತಿಳಿಸುತ್ತದೆ.

ಪತಿಯ ಕಾಲಾನಂತರ ಸೋಮನಾಥಯಾತ್ರೆಗೆ ಹೊರಟ ರಾಜಮಾತೆಯು, ಬಾಹುಲೋಡದಲ್ಲಿ ಸುಂಕ ತೆರಲಾರದೆ ಕಣ್ಣೀರಿಡುತ್ತ ಮರಳುತ್ತಿದ್ದ ಬಡ ಯಾತ್ರಿಕರನ್ನು ಕಂಡು ತಾನೂ ಹಿಂದಿರುಗಿದಳು. ಮಾತೃವಾಕ್ಯಕ್ಕೆ ಮಣಿದ ಸಿದ್ಧರಾಜನು 72 ಲಕ್ಷದ ಆ ಆದಾಯವನ್ನೇ ತ್ಯಜಿಸಿದನೆಂದು ಗ್ರಂಥೋಕ್ತಿ.

ಅನಂತರ ಮಹಾದಾನಗಳನ್ನಿತ್ತು ತನಗೆ ಸಮಾನರಿಲ್ಲವೆಂದು ಹಿಗ್ಗಿದ ರಾಣಿಗೆ, ಭಿಕ್ಷಾನ್ನದಲ್ಲೇ ದೇವರಿಗರ್ಪಿಸಿ, ಅತಿಥಿಗಿತ್ತು, ಉಳಿದುದನ್ನು ಉಂಡ ಬಡ ಯಾತ್ರಿಕಳ ಪುಣ್ಯವೇ ಮಿಗಿಲೆಂದು ಸ್ವಪ್ನದಲ್ಲಿ ತಿಳಿಯಿತಂತೆ. ಆಕೆಯ ಗರ್ವವಳಿಯಿತು. ಪರದೇಶದಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೂ ದಾನಕ್ಕಿಂತ ದಾನದ ಭಾವವೇ ಮುಖ್ಯವೆಂಬುದನ್ನು ಈ ಚರಿತ್ರೆಯು ಬೋಧಿಸುತ್ತದೆ.