ಕಲೆಯ ಅರ್ಥವನ್ನು ಕಾಯ್ದವರು

ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿರುವ ದೇವಮೂರ್ತಿಯನ್ನು ಶಿಲ್ಪಿಯು ಪ್ರದರ್ಶನಕ್ಕಾಗಿ ಮಾಡಲಿಲ್ಲ, ಆರಾಧನೆಗಾಗಿ ಮಾಡಿದನು. ಇಂತಹ ಕೃತಿಗಳನ್ನು ಧೂಳು, ಹುಳುಗಳಿಂದ ರಕ್ಷಿಸಿದರೆ ಮಾತ್ರ ಸಾಲದು, ಅವುಗಳ ಅರ್ಥವನ್ನೂ ಉಳಿಸಬೇಕು ಎಂದು ಬಗೆದು ಬಾಳಿದವರು ಆನಂದ ಕುಮಾರಸ್ವಾಮಿ.

ಅವರು 1877ರ ಆಗಸ್ಟ್ 22ರಂದು ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸರ್ ಮುತ್ತು ಕುಮಾರಸ್ವಾಮಿ ತಮಿಳು ಮನೆತನದ ಹೆಸರಾಂತ ನ್ಯಾಯವಾದಿ. ತಾಯಿ ಎಲಿಜಬೆತ್ ಇಂಗ್ಲೆಂಡಿನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಇಂಗ್ಲೆಂಡಿನಲ್ಲಿ ಬೆಳೆದು, ಭೂವಿಜ್ಞಾನ ಮತ್ತು ಸಸ್ಯವಿಜ್ಞಾನಗಳನ್ನು ಅಭ್ಯಸಿಸಿದನು. 1903ರಲ್ಲಿ ಅವರು ಸಿಂಹಳದ ಖನಿಜ ಸರ್ವೇಕ್ಷಣೆಯ ನಿರ್ದೇಶಕರಾದರು. ಶಿಲೆಗಳನ್ನು ಅರಸುತ್ತ ಹಳ್ಳಿಹಳ್ಳಿಗಳನ್ನು ಸುತ್ತಿದ ಅವರಿಗೆ, ವಿದೇಶೀ ಸರಕುಗಳ ಹಾವಳಿಯಿಂದ ಕುಶಲಕರ್ಮಿಗಳ ವಿದ್ಯೆ ಅಳಿಯುತ್ತಿರುವುದು ಕಂಡಿತು. ಆ ನೋವು ಅವರ ಬಾಳಿನ ದಾರಿಯನ್ನೇ ಬದಲಿಸಿತು. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ಮಹಾಗ್ರಂಥ 1908ರಲ್ಲಿ ಹೊರಬಂದಿತು.

ಅನಂತರ ಅವರು ಭಾರತದಲ್ಲಿ ಸಂಚರಿಸಿ, ರಾಜಸ್ಥಾನದ ಮತ್ತು ಪಂಜಾಬಿನ ಗುಡ್ಡಗಾಡಿನ ಚಿತ್ರಗಳನ್ನು ಸಂಗ್ರಹಿಸಿದರು. ಅವನ್ನು ಮೊಗಲ್ ಚಿತ್ರಕಲೆಯ ಒಂದು ಕವಲೆಂದು ಹಲವರು ಭಾವಿಸಿದ್ದ ಕಾಲವದು. ಕೃಷ್ಣಲೀಲೆ, ರಾಗಮಾಲೆಗಳನ್ನು ಚಿತ್ರಿಸಿದ ಈ ಕಲೆಗೆ ತನ್ನದೇ ಆದ ಅಂತಃಸತ್ತ್ವವಿದೆಯೆಂದು ಅವರು 1916ರ ಗ್ರಂಥದಲ್ಲಿ ಪ್ರತಿಪಾದಿಸಿದರು. ಎರಡೂ ಪರಂಪರೆಗಳು ಕೊಟ್ಟು ಕೊಂಡು ಬೆಳೆದವೆಂದು ಮುಂದಿನ ವಿದ್ವಾಂಸರು ತೋರಿಸಿದ್ದರೂ, ರಜಪೂತ ಚಿತ್ರಗಳತ್ತ ಲೋಕದ ಕಣ್ಣನ್ನು ತಿರುಗಿಸಿದ ಕೀರ್ತಿ ಅವರದೇ.

ಈ ಸಂಗ್ರಹವು ಭಾರತದಲ್ಲಿಯೇ ಉಳಿದು, ರಾಷ್ಟ್ರೀಯ ವಸ್ತುಸಂಗ್ರಹಾಲಯವೊಂದಕ್ಕೆ ತಳಹದಿಯಾಗಬೇಕೆಂಬುದು ಅವರ ಹಂಬಲವಾಗಿತ್ತು. ಅದಕ್ಕೆ ಆಸರೆ ದೊರೆಯಲಿಲ್ಲ. 1917ರಲ್ಲಿ ಸಂಗ್ರಹದ ಬಹುಭಾಗ ಅಮೆರಿಕದ ಬಾಸ್ಟನ್ ಕಲಾಸಂಗ್ರಹಾಲಯವನ್ನು ಸೇರಿತು. ಅದರ ಪಾಲಕರಾಗಿ ಅವರೂ ಅಲ್ಲಿಗೆ ತೆರಳಿದರು.

ಅಲ್ಲಿ ಅವರು ಮೂವತ್ತು ವರ್ಷ ದುಡಿದರು. ಕೃತಿಗಳನ್ನು ಪರಿಶೀಲಿಸಿ, ಕಾಲದೇಶಗಳನ್ನು ನಿರ್ಣಯಿಸಿ, ವಿವರವಾದ ಸೂಚಿಗಳನ್ನು ರಚಿಸಿದರು. ಆದರೆ ಅಷ್ಟಕ್ಕೇ ತೃಪ್ತರಾಗಲಿಲ್ಲ. ನಟರಾಜನ ಡಮರು ಸೃಷ್ಟಿಯನ್ನೂ ಕೈಯ ಬೆಂಕಿ ಲಯವನ್ನೂ ಎತ್ತಿದ ಪಾದ ಮುಕ್ತಿಯನ್ನೂ ಸೂಚಿಸುವ ಬಗೆಯನ್ನು ಅವರು ಪಾಶ್ಚಾತ್ಯ ಓದುಗರಿಗೆ ಮನಗಾಣಿಸಿದರು. ತನ್ನ ನೆಲೆಯನ್ನು ಕಳೆದುಕೊಂಡ ಕೃತಿಗೆ ಸಂಗ್ರಹಾಲಯವು ಆಶ್ರಯ ಮಾತ್ರ. ಅದು ಯಾವ ಬದುಕಿಗೆ ಸೇರಿತ್ತೆಂದು ತಿಳಿಸುವುದೇ ಪಾಲಕನ ಹೊಣೆ ಎಂಬುದು ಅವರ ನಿಲುವಾಗಿತ್ತು.

ಭಾರತ ಸ್ವತಂತ್ರವಾದ 1947ರಲ್ಲಿ ಅವರಿಗೆ ಎಪ್ಪತ್ತು ತುಂಬಿತು. ಉಳಿದ ದಿನಗಳನ್ನು ಭಾರತದಲ್ಲಿ ಕಳೆಯಲು ಅವರು ಬಯಸಿದ್ದರು. ಆ ಆಸೆ ಕೈಗೂಡುವ ಮುನ್ನವೇ, ಸೆಪ್ಟೆಂಬರ್ 9ರಂದು ನಿಧನರಾದರು. ಅವರೊಡನೆ ಕಡಲು ದಾಟಿದ ಚಿತ್ರಗಳು ಬಾಸ್ಟನ್ನಿನಲ್ಲಿಯೇ ಉಳಿದವು; ಅವನ್ನು ಅರಿಯುವ ಕಣ್ಣು ಮಾತ್ರ ಅವರ ಬರಹಗಳ ಮೂಲಕ ನಮಗೆ ಮರಳಿ ಬಂದಿತು.